ಕೂಡಗಿಯ ಕಲ್ಲಿದ್ದಲು, ಪಾದರಸದ ಲೆಕ್ಕ

ಬಬಲೇಶ್ವರ, ತಿಕೋಟಾ ಸೀಮೆಗೆ ಕೃಷ್ಣೆಯ ನೀರು ತಾನಾಗಿ ಹರಿದು ಬರುವುದಿಲ್ಲ. ಅದನ್ನು ಎತ್ತಿ ತರಬೇಕು. ಮುಳವಾಡ ಮತ್ತು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳ ಜಾಕ್‌ವೆಲ್‌ಗಳಲ್ಲಿ ಪಂಪುಗಳು ತಿರುಗಿದರಷ್ಟೇ ಈ ಭಾಗದ ಕಾಲುವೆಗೆ, ಕೆರೆಗೆ ನೀರು. ನಿಡೋಣಿಯ ಸುತ್ತಲಿನ ದ್ರಾಕ್ಷಿ ಪಡಗಳಿಗೂ ಕಬ್ಬಿನ ಹೊಲಗಳಿಗೂ ಕಾಲುವೆ ಇಲ್ಲದ ಕಡೆ ಬೋರ್‌ವೆಲ್ಲೇ ಗತಿ. ಎರಡಕ್ಕೂ ಕರೆಂಟ್ ಬೇಕು. ಮಳೆಗಾಲದ ಮೋಡ ನೋಡುತ್ತ ಕೂರುತ್ತಿದ್ದ ಬರದ ನಾಡಿಗೆ ವಿದ್ಯುತ್ತು ಎಷ್ಟು ಮುಖ್ಯವೆಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅದೇ ವಿಜಯಪುರ ಜಿಲ್ಲೆಯಲ್ಲಿ, ಹಿಂದಿನ ಅವಿಭಜಿತ ಬಸವನಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ, ಎನ್‌ಟಿಪಿಸಿಯ 2,400 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ತಲಾ 800 ಮೆಗಾವಾಟ್‌ನ ಮೂರು ಘಟಕಗಳು. ಮೊದಲ ಎರಡು 2017ರಲ್ಲಿ, ಮೂರನೆಯದು 2018ರಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿದವು. ನೀರು ಆಲಮಟ್ಟಿ ಜಲಾಶಯದ್ದು. ಕಲ್ಲಿದ್ದಲು ದೂರದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ.

ಸ್ಥಾವರ ಸುಮ್ಮನೆ ಎದ್ದು ನಿಂತದ್ದಲ್ಲ. ಭೂಮಿಯ ಪ್ರಶ್ನೆ, ನೀರಿನ ಪ್ರಶ್ನೆ, ಬೂದಿಯ ಭಯ ಮೂರೂ ಸೇರಿ ಸುತ್ತಲಿನ ಹಳ್ಳಿಗಳ ರೈತರು ವರ್ಷಗಟ್ಟಲೆ ಹೋರಾಡಿದರು. 2014ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಯೋಜನೆಯ ಪರಿಸರ ಅನುಮತಿಯನ್ನು ಮರುಪರಿಶೀಲನೆಗೆ ಕಳುಹಿಸಿತು. ಅದೇ ವರ್ಷದ ಜುಲೈನಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ, ಪೊಲೀಸರು ಗುಂಡು ಹಾರಿಸಿ, ರೈತರು ಗಾಯಗೊಂಡರು. ಆ ದಿನಗಳಲ್ಲಿ ಎಲ್ಲರ ಬಾಯಲ್ಲಿ ಇದ್ದ ಮಾತು ಹಾರುಬೂದಿ. ಬೂದಿ ಕಣ್ಣಿಗೆ ಕಾಣುತ್ತದೆ, ಎಲೆಯ ಮೇಲೆ ಕೂರುತ್ತದೆ, ಬೆರಳಿಗೆ ಹತ್ತುತ್ತದೆ. ಬೂದಿಯ ಜೊತೆಗೇ ಕುಲುಮೆಯಿಂದ ಹೊರಡುವ ಇನ್ನೊಂದು ವಸ್ತು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಅದು ಪಾದರಸ.

ಕಲ್ಲಿದ್ದಲಿನಲ್ಲಿ ಪಾದರಸ ಇರುವುದು ಅತ್ಯಲ್ಪ. ಧನಬಾದ್‌ನ ಕೇಂದ್ರೀಯ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮಕ್ಕಾಗಿ ನಡೆಸಿದ ಅಧ್ಯಯನದಲ್ಲಿ, ಭಾರತದ ವಿದ್ಯುತ್ ಸ್ಥಾವರಗಳು ಉರಿಸುವ ಕಲ್ಲಿದ್ದಲಿನಲ್ಲಿ ಸರಾಸರಿ ಟನ್ನಿಗೆ 0.14 ಗ್ರಾಂ ಪಾದರಸ ಕಂಡುಬಂತು. ಗಣಿಯಿಂದ ಗಣಿಗೆ, ಪದರದಿಂದ ಪದರಕ್ಕೆ ಇದು ಬದಲಾಗುತ್ತದೆ. ಟನ್ನಿಗೆ ಕಾಲು ಗ್ರಾಂ ಕೂಡ ಇಲ್ಲದ್ದಕ್ಕೆ ಇಷ್ಟು ತಲೆಬಿಸಿ ಏಕೆ ಎನ್ನುವವರು ಕಲ್ಲಿದ್ದಲಿನ ರಾಶಿಯನ್ನು ನೋಡಬೇಕು. ಭಾರತದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ವಿದ್ಯುತ್ ತಯಾರಿಸಲು ಹೆಚ್ಚುಕಡಿಮೆ 650ರಿಂದ 700 ಗ್ರಾಂ ಬೇಕು. 2,400 ಮೆಗಾವಾಟ್‌ನ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ಒಂದು ದಿನ ಓಡಿದರೆ 5.76 ಕೋಟಿ ಯೂನಿಟ್. ಅಂದರೆ ದಿನಕ್ಕೆ 37 ಸಾವಿರ ಟನ್‌ಗಿಂತ ಕಡಿಮೆಯಿಲ್ಲದ ಕಲ್ಲಿದ್ದಲು, ಸುಮಾರು ಹತ್ತು ಗೂಡ್ಸ್ ರೈಲುಗಳ ಹೊರೆ. ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ಯಾವ ಸ್ಥಾವರವೂ ಓಡುವುದಿಲ್ಲ. ಲೆಕ್ಕ ಸರಳವಾಗಲೆಂದು ಒಂದು ಕೋಟಿ ಟನ್ ಎಂದುಕೊಂಡರೆ, ಸರಾಸರಿ ಪ್ರಮಾಣದಲ್ಲಿ ಅದರೊಳಗಿನ ಪಾದರಸ 1,400 ಕಿಲೊ.

ಈ 1,400 ಕಿಲೊ ಎಲ್ಲಿಗೆ ಹೋಗುತ್ತದೆ? ಈ ಲೇಖನದ ಪ್ರಶ್ನೆ ಅದೊಂದೇ. ಪಾದರಸ ಮೂಲಧಾತು. ಉರಿದು ಇನ್ನೊಂದಾಗುವುದಿಲ್ಲ, ಕೊಳೆತು ಮಣ್ಣಾಗುವುದಿಲ್ಲ. ಚಿಮಣಿಯಲ್ಲಿ ಹೋಗದಿದ್ದರೆ ಬೂದಿಯಲ್ಲಿರುತ್ತದೆ. ಬೂದಿಯಲ್ಲಿ ಇಲ್ಲದಿದ್ದರೆ ಹೊಗೆ ತೊಳೆದಾಗ ಹುಟ್ಟುವ ಜಿಪ್ಸಂನಲ್ಲಿ, ಜಿಪ್ಸಂನಲ್ಲಿ ಇಲ್ಲದಿದ್ದರೆ ತೊಳೆದ ನೀರಿನಲ್ಲಿ. ಆದ್ದರಿಂದ ಹೊಗೆಯಿಂದ ಪಾದರಸವನ್ನು ಹಿಡಿಯುವ ಮಾತನ್ನೂ ಬೂದಿ, ಜಿಪ್ಸಂಗಳನ್ನು ಮತ್ತೆ ಬಳಸುವ ಮಾತನ್ನೂ ಬೇರೆ ಬೇರೆ ಕಡತಗಳಲ್ಲಿ ಇಟ್ಟು ನೋಡಿದರೆ ಲೆಕ್ಕ ಎಂದೂ ತಾಳೆಯಾಗುವುದಿಲ್ಲ. ನಮ್ಮಲ್ಲಿ ಈಗ ಆಗುತ್ತಿರುವುದು ಅದೇ.

ಕುಲುಮೆಯಿಂದ ಚಿಮಣಿಯವರೆಗೆ

ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಕುಲುಮೆಯ ಒಳಗಿನ ಉರಿ ಸಾವಿರ ಡಿಗ್ರಿಯನ್ನು ಎಷ್ಟೋ ಮೀರಿರುತ್ತದೆ. ಹಾಗಾಗಿ ಪುಡಿಗಲ್ಲಿದ್ದಲು ಹೊತ್ತಿಕೊಂಡ ಕೂಡಲೇ ಅದರೊಳಗಿನ ಪಾದರಸ ಪೂರ್ತಿ ಆವಿಯಾಗುತ್ತದೆ. ಅನಿಲ ಬಾಯ್ಲರಿನಲ್ಲಿ ಶಾಖ ಕೊಟ್ಟು ತಣ್ಣಗಾಗುತ್ತ ಬಂದಂತೆ ಈ ಆವಿ ಮೂರು ದಾರಿ ಹಿಡಿಯುತ್ತದೆ. ಒಂದಿಷ್ಟು ಬೂದಿಯ ಕಣಗಳಿಗೆ, ಅದರಲ್ಲೂ ಅರೆಬೆಂದ ಇಂಗಾಲದ ಕಣಗಳಿಗೆ ಅಂಟಿಕೊಳ್ಳುತ್ತದೆ. ಒಂದಿಷ್ಟು ಕಲ್ಲಿದ್ದಲಿನಲ್ಲೇ ಇರುವ ಕ್ಲೋರಿನ್ ಜೊತೆ ಸೇರಿ ಲವಣವಾಗುತ್ತದೆ. ಈ ರೂಪ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ತೊಳೆದು ಹಿಡಿಯಬಹುದು. ಉಳಿದದ್ದು ಬರಿಯ ಪಾದರಸದ ಆವಿಯಾಗಿಯೇ ಇರುತ್ತದೆ. ಅದು ನೀರಿಗೆ ಕರಗದು, ಧೂಳಿಗೆ ಅಂಟದು, ಚಿಮಣಿ ದಾಟಿದ ಮೇಲೆ ತಿಂಗಳುಗಟ್ಟಲೆ ಗಾಳಿಯಲ್ಲಿ ಅಲೆಯುತ್ತದೆ. ಭಾರತದ ಕಲ್ಲಿದ್ದಲಿನಲ್ಲಿ ಕ್ಲೋರಿನ್ ಕಡಿಮೆ. ಹೀಗಾಗಿ ಈ ಮೂರನೆಯ, ಕೈಗೆ ಸಿಗದ ರೂಪದ ಪಾಲು ನಮ್ಮಲ್ಲಿ ಹೆಚ್ಚು.

500 ಮೆಗಾವಾಟ್ ಮತ್ತು ಅದಕ್ಕೂ ದೊಡ್ಡ ಘಟಕಗಳಿಗೆ 275 ಮೀಟರ್ ಎತ್ತರದ ಚಿಮಣಿ ಇರಬೇಕೆಂಬುದು ಹಳೆಯ ನಿಯಮ. ವಿಜಯಪುರದ ಗೋಳಗುಮ್ಮಟವನ್ನು ಒಂದರ ಮೇಲೊಂದು ಐದು ಸಲ ಪೇರಿಸಿದರೂ ಆ ತುದಿ ಮುಟ್ಟುವುದಿಲ್ಲ. ಅಷ್ಟು ಎತ್ತರದಿಂದ ಬಿಟ್ಟರೆ ಹೊಗೆ ಹರಡಿ ತೆಳುವಾಗುತ್ತದೆ ಎಂಬುದು ಲೆಕ್ಕಾಚಾರ. ಗಂಧಕದ ಡೈಆಕ್ಸೈಡಿನ ವಿಷಯದಲ್ಲಿ ಹತ್ತಿರದ ಊರಿಗೆ ಇದರಿಂದ ಕೊಂಚ ಉಸಿರು ಸಿಗಬಹುದು. ಪಾದರಸಕ್ಕೆ ಈ ಮಾತು ಅನ್ವಯಿಸುವುದಿಲ್ಲ, ಏಕೆಂದರೆ ಅದರ ಅಪಾಯ ಇರುವುದು ಉಸಿರಿಗಿಂತ ಹೆಚ್ಚಾಗಿ ನೀರಿನಲ್ಲಿ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಹಿಂಗಾರಿನಲ್ಲಿ ಮೂಡಣ ಮತ್ತು ಈಶಾನ್ಯದಿಂದ. ಲವಣರೂಪದ ಪಾದರಸ ಮಳೆಯಲ್ಲಿ ತೊಳೆದು ಹತ್ತಾರು, ನೂರಾರು ಕಿಲೊಮೀಟರ್ ಒಳಗೇ ನೆಲಕ್ಕಿಳಿಯುತ್ತದೆ. ಹಳ್ಳ ಹಿಡಿದು ಕೆರೆಗೆ, ಜಲಾಶಯಕ್ಕೆ ಸೇರುತ್ತದೆ. ತಳದ ಕೆಸರಿನಲ್ಲಿ, ಗಾಳಿಯಾಡದ ಕಡೆ, ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಪಾಚಿಯಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತ ಹೋದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಗರ್ಭಿಣಿ ತಿಂದ ಮೀನಿನೊಳಗಿನ ಮೀಥೈಲ್ ಪಾದರಸ ಹೊಟ್ಟೆಯೊಳಗಿನ ಮಗುವಿನ ಮಿದುಳಿಗೆ ಸೇರುತ್ತದೆ.

ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬೆಳಕಿಗೆ ಬಂದದ್ದು ಮಿದುಳಿಗೆ ತಾಗುವ ಇದೇ ವಿಷದ ಕಾಯಿಲೆ. ಅಲ್ಲಿ ಪಾದರಸ ಬಂದದ್ದು ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆಯ ಕೊಳಚೆಯಿಂದ, ಕಲ್ಲಿದ್ದಲಿನಿಂದಲ್ಲ. ಪ್ರಮಾಣವೂ ಹೋಲಿಸಲಾಗದಷ್ಟು ದೊಡ್ಡದು. ನಮ್ಮ ದೇಶದಲ್ಲಿ ಹತ್ತಿರದ ಪಾಠ ಸಿಂಗ್ರೌಲಿ–ಸೋನಭದ್ರದ್ದು. ಒತ್ತೊತ್ತಾಗಿ ಕಲ್ಲಿದ್ದಲು ಸ್ಥಾವರಗಳಿರುವ ಆ ಪ್ರದೇಶದಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ನಡೆಸಿದ ಪರೀಕ್ಷೆಯ ವರದಿ 2012ರಲ್ಲಿ ಹೊರಬಂತು. ಜನರ ರಕ್ತದಲ್ಲಿ, ನೀರಿನಲ್ಲಿ, ರಿಹಂದ್ ಜಲಾಶಯದ ಸುತ್ತಲಿನ ಮೀನಿನಲ್ಲಿ ಮಿತಿ ಮೀರಿದ ಪಾದರಸ ಪತ್ತೆಯಾಯಿತು. ಮಾದರಿಗಳ ಸಂಖ್ಯೆ ಚಿಕ್ಕದಿತ್ತು, ಅಲ್ಲಿ ಬೇರೆ ಕಾರ್ಖಾನೆಯ ಪಾದರಸವೂ ಇತ್ತು. ಹಾಗಿದ್ದೂ ಆ ವರದಿ ಒಂದು ಕೆಲಸ ಮಾಡಿತು: ಬೂದಿಯಾಚೆಗೂ ನೋಡಬೇಕೆಂದು ದೇಶಕ್ಕೆ ತೋರಿಸಿತು. ಕೂಡಗಿಯ ಪಕ್ಕದಲ್ಲೇ ಆಲಮಟ್ಟಿಯ ವಿಶಾಲ ಹಿನ್ನೀರು, ಅದನ್ನೇ ನಂಬಿದ ಮೀನುಗಾರ ಕುಟುಂಬಗಳು ಇರುವಾಗ, ಇಲ್ಲಿನ ಮೀನನ್ನೂ ಕೆಸರನ್ನೂ ಕಾಲಕಾಲಕ್ಕೆ ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡುವುದು ಯಾರನ್ನೂ ಹೆದರಿಸುವ ಕೆಲಸವಲ್ಲ. ಹೆದರಿಕೆ ಇದ್ದರೆ ಅದನ್ನು ಕಳೆಯುವ ದಾರಿಯೂ ಅದೇ.

ಏನನ್ನೂ ಹಿಡಿಯದೆ ಪಾಸಾಗುವ ಮಿತಿ

2013ರ ಅಕ್ಟೋಬರ್‌ನಲ್ಲಿ ಜಪಾನಿನ ಕುಮಾಮೊಟೊದಲ್ಲಿ ಅಂಗೀಕಾರವಾದ ಮಿನಮಾಟಾ ಒಪ್ಪಂದ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಭಾರತ 2018ರ ಜೂನ್‌ನಲ್ಲಿ ಅದನ್ನು ಅನುಮೋದಿಸಿತು. ವಾತಾವರಣಕ್ಕೆ ಪಾದರಸ ಬಿಡುವ ಐದು ಬಗೆಯ ಉದ್ಯಮಗಳನ್ನು ಒಪ್ಪಂದ ಹೆಸರಿಸುತ್ತದೆ. ಕಲ್ಲಿದ್ದಲು ವಿದ್ಯುತ್ ಸ್ಥಾವರ ಅದರಲ್ಲಿ ಒಂದು, ಸಿಮೆಂಟ್ ಕಾರ್ಖಾನೆ ಇನ್ನೊಂದು. ಸಿಮೆಂಟಿನ ಹೆಸರನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. 2015ರ ಅಂದಾಜಿನಂತೆ ಮನುಷ್ಯನ ಚಟುವಟಿಕೆಯಿಂದ ಜಗತ್ತಿನ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್. ಅದರಲ್ಲಿ ಐದರಲ್ಲಿ ಒಂದು ಪಾಲು ಕಲ್ಲಿದ್ದಲಿನ ಉರಿಯದ್ದು.

ಒಪ್ಪಂದ ಜಾರಿಗೆ ಬರುವ ಮುಂಚೆಯೇ, 2015ರ ಡಿಸೆಂಬರ್ 7ರಂದು, ಕೇಂದ್ರ ಪರಿಸರ ಸಚಿವಾಲಯ ಶಾಖೋತ್ಪನ್ನ ಸ್ಥಾವರಗಳಿಗೆ ಹೊಸ ಮಿತಿಗಳನ್ನು ಹೊರಡಿಸಿತ್ತು. ಧೂಳು, ಗಂಧಕ, ಸಾರಜನಕದ ಆಕ್ಸೈಡುಗಳ ಜೊತೆಗೆ ದೇಶದಲ್ಲಿ ಮೊದಲ ಸಲ ಪಾದರಸಕ್ಕೂ ಒಂದು ಅಂಕಿ ಬಂತು: ಪ್ರತಿ ಘನ ಮೀಟರ್ ಅನಿಲಕ್ಕೆ 0.03 ಮಿಲಿಗ್ರಾಂ, ಅಂದರೆ 30 ಮೈಕ್ರೊಗ್ರಾಂ. ಒಳ್ಳೆಯ ಹೆಜ್ಜೆ. ಆದರೆ ಅಂಕಿಯನ್ನು ಬಿಡಿಸಿ ನೋಡಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ.

ನಮ್ಮ ದರ್ಜೆಯ ಒಂದು ಟನ್ ಕಲ್ಲಿದ್ದಲು ಉರಿದಾಗ ಏಳುವ ಅನಿಲ ಸುಮಾರು 5,000ದಿಂದ 6,000 ಘನ ಮೀಟರ್. ಆ ಟನ್ನಿನಲ್ಲಿದ್ದ 0.14 ಗ್ರಾಂ ಪಾದರಸ ಪೂರ್ತಿ, ಒಂದು ಕಣವೂ ಹಿಡಿಯದೆ, ಚಿಮಣಿಯಿಂದ ಹೊರಬಿದ್ದಿತೆನ್ನಿ. 0.14 ಗ್ರಾಮನ್ನು ಆ ಅನಿಲಕ್ಕೆ ಹಂಚಿದರೆ ಘನ ಮೀಟರಿಗೆ 23ರಿಂದ 28 ಮೈಕ್ರೊಗ್ರಾಂ ಬರುತ್ತದೆ. ಮಿತಿ 30. ಸರಾಸರಿ ಕಲ್ಲಿದ್ದಲು ಉರಿಸುವ ಸ್ಥಾವರ ಪಾದರಸಕ್ಕೆಂದು ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಪರೀಕ್ಷೆಯಲ್ಲಿ ಪಾಸು! ಪಾದರಸ ಹೆಚ್ಚಿರುವ ಕಲ್ಲಿದ್ದಲು ಉರಿಸುವವರಿಗಷ್ಟೇ ಈ ಅಂಕಿ ತಡೆಯಾಗಬಲ್ಲದು. ಚೀನಾ 2011ರಲ್ಲಿ ಹಾಕಿಕೊಂಡ ಮಿತಿಯೂ 30 ಮೈಕ್ರೊಗ್ರಾಮೇ. ಯುರೋಪ್ ಒಕ್ಕೂಟ 2017ರಲ್ಲಿ ದೊಡ್ಡ ಸ್ಥಾವರಗಳಿಗೆ ನಿಗದಿಪಡಿಸಿದ್ದು ಸಾಮಾನ್ಯ ಕಲ್ಲಿದ್ದಲಿಗೆ 1ರಿಂದ 4 ಮೈಕ್ರೊಗ್ರಾಂ. ಹಿಡಿಯಲೇಬೇಕಾದ ಮಿತಿ ಎಂದರೆ ಅದು.

ಮಿತಿ ಸಡಿಲವಾಗಿದ್ದರೂ ಪಾದರಸ ಹಿಡಿಯಲು ಇನ್ನೊಂದು ದಾರಿ ತೆರೆದಿತ್ತು. ಗಂಧಕದ ಮಿತಿ ಪಾಲಿಸಲು ಸ್ಥಾವರಗಳು ಅನಿಲವನ್ನು ಸುಣ್ಣದ ಕಲ್ಲಿನ ತಿಳಿಯಲ್ಲಿ ತೊಳೆಯುವ ಘಟಕ ಕಟ್ಟಬೇಕಿತ್ತು. ಎಫ್‌ಜಿಡಿ ಎಂದು ಎಲ್ಲರೂ ಕರೆಯುವುದು ಇದನ್ನೇ. ಗಂಧಕದ ಜೊತೆಗೆ ಲವಣರೂಪದ ಪಾದರಸವನ್ನೂ ಅದು ತೊಳೆದು ಇಳಿಸುತ್ತದೆ. ಆದರೆ ಗಡುವು ಎರಡು ವರ್ಷವಿದ್ದದ್ದು ಮತ್ತೆ ಮತ್ತೆ ಮುಂದೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ಸಚಿವಾಲಯ ನಿಯಮವನ್ನೇ ಬದಲಿಸಿತು. ದೆಹಲಿ ರಾಜಧಾನಿ ಪ್ರದೇಶದ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ 10 ಕಿಲೊಮೀಟರ್ ಒಳಗಿನ ಸ್ಥಾವರಗಳಿಗೆ ಗಂಧಕದ ಮಿತಿ ಕಡ್ಡಾಯ. ತೀವ್ರ ಮಾಲಿನ್ಯದ ಪ್ರದೇಶಗಳ ಬಳಿಯ ಸ್ಥಾವರಗಳ ಬಗ್ಗೆ ಒಂದೊಂದನ್ನೂ ನೋಡಿ ತೀರ್ಮಾನ. ಉಳಿದವು, ಅಂದರೆ ದೇಶದ ಘಟಕಗಳಲ್ಲಿ ಮುಕ್ಕಾಲಿಗೂ ಹೆಚ್ಚು, ಚಿಮಣಿಯ ಎತ್ತರದ ನಿಯಮ ಪಾಲಿಸಿದರೆ ಸಾಕು. ಕೂಡಗಿಯ 10 ಕಿಲೊಮೀಟರ್ ಒಳಗೆ ಅಂಥ ಮಹಾನಗರ ಯಾವುದೂ ಇಲ್ಲ.

ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಎಫ್‌ಜಿಡಿ ದುಬಾರಿ, ಅದು ತಾನೇ ವಿದ್ಯುತ್ತನ್ನೂ ನೀರನ್ನೂ ತಿನ್ನುತ್ತದೆ ಎಂಬ ವಾದಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆ ಇಡೀ ಚರ್ಚೆಯಲ್ಲಿ ಪಾದರಸ ಎಲ್ಲೋ ಮೂಲೆಗೆ ಸರಿಯಿತು. ಗಂಧಕಕ್ಕೆಂದು ಕಟ್ಟುವ ಘಟಕ ಪಾದರಸವನ್ನೂ ಹಿಡಿಯುತ್ತಿತ್ತು. ಘಟಕ ಬೇಡವೆಂದಾಗ ಪಾದರಸಕ್ಕೆ ಬದಲಿ ವ್ಯವಸ್ಥೆ ಏನು ಎಂದು ಕೇಳಬೇಕಿತ್ತು. ಹಳ್ಳಿಗಾಡಿನ ಸ್ಥಾವರಗಳ ಸುತ್ತ ಇರುವವರು ಆ ಪ್ರಶ್ನೆಯನ್ನು ಈಗಲಾದರೂ ಕೇಳಬೇಕು, ಏಕೆಂದರೆ ಉತ್ತರ ಇಲ್ಲದೇ ಇಲ್ಲ.

ಹಿಡಿಯುವ ಬಗೆ

ಈಗಾಗಲೇ ಎಲ್ಲ ದೊಡ್ಡ ಸ್ಥಾವರಗಳಲ್ಲಿ ಬೂದಿ ಹಿಡಿಯುವ ಇಎಸ್‌ಪಿ ಇದೆ. ವಿದ್ಯುತ್ ಆವೇಶ ಕೊಟ್ಟು ಧೂಳನ್ನು ತಟ್ಟೆಗಳಿಗೆ ಸೆಳೆಯುವ ಯಂತ್ರ ಅದು. ಬೂದಿಗೆ ಅಂಟಿದ ಪಾದರಸ ಅಲ್ಲೇ ನಿಲ್ಲುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1999ರಲ್ಲಿ ಅಲ್ಲಿನ ಸ್ಥಾವರಗಳಿಂದ ಕಲೆಹಾಕಿದ ಮಾಹಿತಿಯ ಪ್ರಕಾರ, ಬಿಟುಮಿನಸ್ ಕಲ್ಲಿದ್ದಲಿನಲ್ಲಿ ಇಎಸ್‌ಪಿ ಒಂದೇ ಇದ್ದರೆ ಸರಾಸರಿ ಮೂರನೇ ಒಂದು ಪಾಲು ಪಾದರಸ ಸಿಗುತ್ತದೆ. ಇಎಸ್‌ಪಿಯ ಬದಲು ಬಟ್ಟೆಯ ಚೀಲಗಳ ಶೋಧಕ ಇದ್ದರೆ ಹತ್ತರಲ್ಲಿ ಒಂಬತ್ತು ಪಾಲಿನವರೆಗೂ. ಚೀಲದ ಮೇಲೆ ಕೂತ ಬೂದಿಯ ಪದರದ ಮೂಲಕವೇ ಅನಿಲ ಹಾಯಬೇಕಾದ್ದರಿಂದ ಪಾದರಸಕ್ಕೆ ಅಂಟಿಕೊಳ್ಳಲು ಹೊತ್ತೂ ಸಿಗುತ್ತದೆ, ಜಾಗವೂ ಸಿಗುತ್ತದೆ.

ಇಎಸ್‌ಪಿ ಇರುವಲ್ಲೂ ಮಾಡಬಹುದಾದದ್ದು ಇದೆ. ಕ್ಲೋರಿನ್ ಕಡಿಮೆ ಇರುವ ಕಲ್ಲಿದ್ದಲಿಗೆ ಅತ್ಯಲ್ಪ ಪ್ರಮಾಣದ ಬ್ರೋಮೈಡ್ ಲವಣ ಬೆರೆಸಿದರೆ, ಕೈಗೆ ಸಿಗದ ಪಾದರಸದ ಆವಿ ಹಿಡಿಯಬಲ್ಲ ರೂಪಕ್ಕೆ ತಿರುಗುತ್ತದೆ. ಇಎಸ್‌ಪಿಗೆ ಮೊದಲು ಸಕ್ರಿಯ ಇಂಗಾಲದ ಪುಡಿಯನ್ನು ಅನಿಲಕ್ಕೆ ಊದಿದರೆ, ಆ ಪುಡಿಯ ಅಸಂಖ್ಯ ರಂಧ್ರಗಳು ಪಾದರಸವನ್ನು ಹೀರಿಕೊಂಡು ಬೂದಿಯ ಜೊತೆ ಕೆಳಗೆ ಬೀಳುತ್ತವೆ. ಅಮೆರಿಕ 2011ರ ಕೊನೆಗೆ ಪಾದರಸದ ಕಟ್ಟುನಿಟ್ಟಿನ ನಿಯಮ ತಂದ ಮೇಲೆ ಅಲ್ಲಿನ ಸ್ಥಾವರಗಳು ಹೆಚ್ಚಾಗಿ ಮೊರೆಹೋದದ್ದು ಇವೇ ಉಪಾಯಗಳಿಗೆ. 2010ಕ್ಕೆ ಹೋಲಿಸಿದರೆ 2017ರ ಹೊತ್ತಿಗೆ ಅಲ್ಲಿನ ವಿದ್ಯುತ್ ಸ್ಥಾವರಗಳ ಪಾದರಸ ಶೇ 86ರಷ್ಟು ಇಳಿದಿತ್ತು. ಕೆಲವು ಸ್ಥಾವರ ಮುಚ್ಚಿದ್ದು, ನೈಸರ್ಗಿಕ ಅನಿಲಕ್ಕೆ ಬದಲಾದದ್ದು ಅದರಲ್ಲಿ ಸೇರಿದೆ. ಆದರೂ ಹಿಡಿಯಲಾಗದು ಎಂಬ ಮಾತು ಅಲ್ಲಿಗೆ ಮುಗಿಯಿತು.

ಜಪಾನಿನ ಯೊಕೊಹಾಮಾದ ಇಸೊಗೊ ಸ್ಥಾವರದ ದಾರಿ ಇನ್ನೂ ಸೊಗಸಾದದ್ದು. ನಗರದ ಮಗ್ಗುಲಲ್ಲೇ ಇರುವ ಆ ಸ್ಥಾವರ ನೀರಿನಿಂದ ತೊಳೆಯುವುದಿಲ್ಲ. ಸಕ್ರಿಯ ಕೋಕ್‌ನ ಉಂಡೆಗಳ ರಾಶಿಯ ಮೂಲಕ ಅನಿಲವನ್ನು ಹಾಯಿಸುತ್ತದೆ. ಗಂಧಕದ ಡೈಆಕ್ಸೈಡ್, ಪಾದರಸ ಎರಡೂ ಅದಕ್ಕೆ ಅಂಟುತ್ತವೆ. ಉಂಡೆಗಳನ್ನು ಬಿಸಿಮಾಡಿ ಗಂಧಕವನ್ನು ಬಿಡಿಸಿ ಸಲ್ಫ್ಯೂರಿಕ್ ಆಮ್ಲ ತಯಾರಿಸುತ್ತಾರೆ, ಉಂಡೆಗಳು ಮತ್ತೆ ಕೆಲಸಕ್ಕೆ ಬರುತ್ತವೆ. ಆಲಮಟ್ಟಿಯ ನೀರಿಗೆ ಹೊಲ, ಊರು, ಸ್ಥಾವರ ಎಲ್ಲವೂ ಕೈಚಾಚುವ ಈ ಒಣನಾಡಿನಲ್ಲಿ ನೀರು ಬೇಡದ ವಿಧಾನವೊಂದು ಇದೆ ಎನ್ನುವುದೇ ಗಮನಿಸಬೇಕಾದ ಸಂಗತಿ.

ಬೂದಿಗೆ ಬೆಲೆ ಬಂದ ಮೇಲೆ

ವಿದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹಳ ಕಡಿಮೆ, ನಮ್ಮದರಲ್ಲಿ ಮೂರನೇ ಒಂದಕ್ಕೂ ಮಿಗಿಲು. ಒಂದು ಕೋಟಿ ಟನ್ ಕಲ್ಲಿದ್ದಲಿಗೆ 35 ಲಕ್ಷ ಟನ್ ಬೂದಿ ಎಂದುಕೊಳ್ಳೋಣ. ಅದರಲ್ಲಿ ಶೇ 80ರಷ್ಟು, 28 ಲಕ್ಷ ಟನ್, ಇಎಸ್‌ಪಿಯಲ್ಲಿ ಸಿಗುವ ನಯವಾದ ಹಾರುಬೂದಿ. ಉಳಿದದ್ದು ಕುಲುಮೆಯ ತಳದ ದಪ್ಪ ಬೂದಿ. ಹಿಂದೆ ಇದನ್ನೆಲ್ಲ ನೀರಿನಲ್ಲಿ ಕಲಸಿ ಕೊಳಕ್ಕೆ ಸುರಿಯುವುದೇ ವಾಡಿಕೆಯಾಗಿತ್ತು. 1996–97ರಲ್ಲಿ ದೇಶದ ಸ್ಥಾವರಗಳ ಬೂದಿಯಲ್ಲಿ ಬಳಕೆಯಾದದ್ದು ಶೇ 10ಕ್ಕಿಂತ ಕಡಿಮೆ. 1999ರಲ್ಲಿ ಮೊದಲ ಬೂದಿ ಬಳಕೆ ಅಧಿಸೂಚನೆ ಬಂತು. ಕಾಲಕಾಲಕ್ಕೆ ಅದು ಬಿಗಿಯಾಯಿತು. 2021ರ ಡಿಸೆಂಬರ್ 31ರ ಅಧಿಸೂಚನೆ, ಬೂದಿ ಬಳಸದೆ ಉಳಿಸಿಕೊಂಡರೆ ಟನ್ನಿಗೆ 1,000 ರೂಪಾಯಿ ಪರಿಸರ ಪರಿಹಾರ ಕಟ್ಟಬೇಕೆಂದಿತು. 2021–22ರಲ್ಲಿ ಹುಟ್ಟಿದ ಸುಮಾರು 27 ಕೋಟಿ ಟನ್‌ನಲ್ಲಿ ಶೇ 95ಕ್ಕೂ ಹೆಚ್ಚು ಬಳಕೆಯಾಯಿತೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕ. ಕಾಲು ಶತಮಾನದಲ್ಲಿ ಇಷ್ಟು ಬದಲಾವಣೆ ಕಂಡ ಕೈಗಾರಿಕಾ ತ್ಯಾಜ್ಯ ನಮ್ಮಲ್ಲಿ ಇನ್ನೊಂದು ಸಿಗುವುದು ಕಷ್ಟ.

ವಿಜಯಪುರ ಸೀಮೆಗೆ ಇದರಲ್ಲಿ ವಿಶೇಷ ಲಾಭವಿದೆ. ಇಲ್ಲಿನದು ಎರೆ ಭೂಮಿ. ನೀರುಂಡರೆ ಉಬ್ಬುವ, ಒಣಗಿದರೆ ಬಿರಿಯುವ ಎರೆ ಮಣ್ಣು ಇಟ್ಟಿಗೆಗೆ ಒಗ್ಗುವುದಿಲ್ಲ. ಜೋಳ, ಕಡಲೆ, ತೊಗರಿ ಬೆಳೆಯುವ ಆ ಮಣ್ಣನ್ನು ಅಗೆದು ಸುಡುವುದೂ ತಪ್ಪು. ಬೂದಿ, ಸಿಮೆಂಟ್ ಅಥವಾ ಸುಣ್ಣ, ಜಿಪ್ಸಂ, ಕಲ್ಲುಪುಡಿ ಸೇರಿಸಿ ಒತ್ತಿ, ನೀರುಣಿಸಿ ಗಟ್ಟಿ ಮಾಡುವ ಬೂದಿ ಇಟ್ಟಿಗೆಗೆ ಭಟ್ಟಿ ಬೇಡ, ಸೌದೆ ಬೇಡ. ಎರೆ ನೆಲದ ಮೇಲೆ ಹಾದುಹೋಗುವ ರಸ್ತೆಗಳ ಬುನಾದಿಗೂ ಸುಣ್ಣ ಬೆರೆಸಿದ ಬೂದಿ ಹೊಂದುತ್ತದೆ. ಇನ್ನು ಸಿಮೆಂಟ್: ಪೋರ್ಟ್‌ಲೆಂಡ್ ಪೊಜೊಲಾನಾ ಸಿಮೆಂಟಿನಲ್ಲಿ ಶೇ 35ರವರೆಗೆ ಹಾರುಬೂದಿ ಇರಬಹುದು. ಕಲಬುರಗಿ ಜಿಲ್ಲೆಯ ಸುಣ್ಣದ ಕಲ್ಲಿನ ಪಟ್ಟಿಯಲ್ಲಿ ಸೇಡಂ, ವಾಡಿ, ಮಳಖೇಡದ ಸಾಲಿನಲ್ಲಿ ಎದ್ದಿರುವ ಕಾರ್ಖಾನೆಗಳು ಕೂಡಗಿ, ರಾಯಚೂರು, ಯರಮರಸ್ ಸ್ಥಾವರಗಳಿಗೆ ಸಹಜ ಗಿರಾಕಿಗಳು.

ಈಗ ಎರಡೂ ಕಡತಗಳನ್ನು ಒಂದೇ ಮೇಜಿನ ಮೇಲಿಡಬಹುದು. ಪಾದರಸ ಹಿಡಿದರೆ ಬೂದಿ ಕೆಡುತ್ತದೆಯೇ?

1,400 ಕಿಲೊದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು, ಅಂದರೆ 1,260 ಕಿಲೊವನ್ನು, 28 ಲಕ್ಷ ಟನ್ ಹಾರುಬೂದಿಯಲ್ಲಿ ಹಿಡಿದಿಟ್ಟೆವೆಂದು ಇಟ್ಟುಕೊಳ್ಳಿ. ಟನ್ ಬೂದಿಗೆ 0.45 ಗ್ರಾಂ ಆಗುತ್ತದೆ, ಅರ್ಧ ಗ್ರಾಮಿಗಿಂತ ಕಡಿಮೆ. ಬೂದಿ ಕಡಿಮೆ ಇರುವ ವಿದೇಶಿ ಕಲ್ಲಿದ್ದಲಿನಲ್ಲಾದರೆ ಅಷ್ಟೇ ಪಾದರಸ ಸ್ವಲ್ಪವೇ ಬೂದಿಯಲ್ಲಿ ದಟ್ಟೈಸುತ್ತದೆ. ನಮ್ಮ ಕಲ್ಲಿದ್ದಲಿನ ದೊಡ್ಡ ದೋಷವೆಂದು ಎಲ್ಲರೂ ದೂರುವ ಬೂದಿಯೇ ಇಲ್ಲಿ ಪಾದರಸವನ್ನು ತೆಳುವಾಗಿ ಹಂಚುತ್ತದೆ. ತಣ್ಣನೆಯ ಇಟ್ಟಿಗೆಯಲ್ಲಿ, ರಸ್ತೆಯ ಬುನಾದಿಯಲ್ಲಿ, ಕಾಂಕ್ರೀಟಿನಲ್ಲಿ ಇಂಗಾಲದ ಕಣಕ್ಕೆ ಅಂಟಿಕೊಂಡ ಪಾದರಸ ಸುಲಭಕ್ಕೆ ಕದಲುವುದಿಲ್ಲ.

ಅಮೆರಿಕದಲ್ಲಿ ಎದ್ದ ಇನ್ನೊಂದು ತಕರಾರೂ ಇಲ್ಲಿ ಅಷ್ಟು ಕಾಡದು. ಹಿಮ ಕಟ್ಟುವ ಪ್ರದೇಶಗಳಲ್ಲಿ ಕಾಂಕ್ರೀಟು ಬಿರಿಯದಿರಲೆಂದು ಸಣ್ಣ ಗಾಳಿಗುಳ್ಳೆಗಳನ್ನು ಹಿಡಿದಿಡುವ ರಾಸಾಯನಿಕ ಸೇರಿಸುತ್ತಾರೆ. ಬೂದಿಯಲ್ಲಿ ಉಳಿದ ಸಕ್ರಿಯ ಇಂಗಾಲ ಆ ರಾಸಾಯನಿಕವನ್ನೇ ಹೀರಿಬಿಡುತ್ತದೆ, ಬೂದಿ ಮಾರಾಟವಾಗುವುದಿಲ್ಲ. ಇದಕ್ಕೆ ಪರಿಹಾರವಾಗಿ ಮಿಷಿಗನ್ ರಾಜ್ಯದ ಮಾರ್ಕೆಟ್ ಎಂಬ ಊರಿನಲ್ಲಿದ್ದ ಪ್ರೆಸ್ಕ್ ಐಲ್ ಸ್ಥಾವರದಲ್ಲಿ ಒಂದು ಪ್ರಯೋಗ ನಡೆಯಿತು. ಮೊದಲು ಇಎಸ್‌ಪಿಯಲ್ಲಿ ಶುದ್ಧ ಬೂದಿಯನ್ನು ಹಿಡಿದು, ಆಮೇಲೆ ಇಂಗಾಲದ ಪುಡಿ ಊದಿ, ಅದನ್ನು ಬೇರೆಯೇ ಚೀಲ ಶೋಧಕದಲ್ಲಿ ಹಿಡಿಯುವುದು. ಬೂದಿ ಒಂದು ಕಡೆ, ಪಾದರಸ ತುಂಬಿದ ಇಂಗಾಲ ಇನ್ನೊಂದು ಕಡೆ. ಶೇ 90ರಷ್ಟು ಪಾದರಸ ಸಿಕ್ಕಿತು. ನೀರು ಹೆಪ್ಪುಗಟ್ಟದ ವಿಜಯಪುರದಲ್ಲಿ ಗಾಳಿಗುಳ್ಳೆಯ ಕಾಂಕ್ರೀಟಿನ ಅಗತ್ಯವಿಲ್ಲ. ಆದರೆ ಪಾದರಸವನ್ನು ಚಿಕ್ಕ ರಾಶಿಯಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳುವ ಆ ಜಾಣತನ ಎಲ್ಲಿಗೂ ಒಳ್ಳೆಯದೇ.

ಎಚ್ಚರ ಬೇಕಾದ ಜಾಗ ಒಂದಿದೆ, ಅದು ಬೆಂಕಿ. ಬೂದಿಯನ್ನು, ಸಿಮೆಂಟ್ ಗೂಡಿನಲ್ಲಿ ಮೊದಲೇ ಸುಟ್ಟು ತೆಗೆದ ಕ್ಲಿಂಕರ್ ಗಟ್ಟಿಗಳ ಜೊತೆ ಅರೆದು ಸಿಮೆಂಟ್ ಮಾಡಿದರೆ ಪಾದರಸ ಸಿಮೆಂಟಿನಲ್ಲೇ ಉಳಿಯುತ್ತದೆ. ಅದೇ ಬೂದಿಯನ್ನು ಮಣ್ಣಿನ ಬದಲು ಕಚ್ಚಾವಸ್ತುವಾಗಿ ಗೂಡಿಗೆ ಹಾಕಿದರೆ, 1,450 ಡಿಗ್ರಿಯ ಉರಿಯಲ್ಲಿ ಅದು ಮತ್ತೆ ಆವಿಯಾಗಿ ಸಿಮೆಂಟ್ ಕಾರ್ಖಾನೆಯ ಚಿಮಣಿಯಿಂದ ಹೊರಡುತ್ತದೆ. ಕೂಡಗಿಯಲ್ಲಿ ಹಿಡಿದದ್ದನ್ನು ಕಲಬುರಗಿಯಲ್ಲಿ ಬಿಟ್ಟಂತೆ. ಸಿಮೆಂಟ್ ಉದ್ಯಮವೂ ಮಿನಮಾಟಾ ಒಪ್ಪಂದದ ಪಟ್ಟಿಯಲ್ಲಿ ಇರುವುದರಿಂದ ಇದನ್ನು ಪ್ರತ್ಯೇಕವಾಗಿ ನೋಡುವಂತಿಲ್ಲ. ಬೂದಿ ಬಳಕೆಯ ವರದಿಗಳು ಎಷ್ಟು ಟನ್ ಸಿಮೆಂಟಿಗೆ ಹೋಯಿತೆಂದು ಹೇಳುತ್ತವೆ. ಗೂಡಿಗೆ ಎಷ್ಟು, ಅರೆಯುವ ಗಿರಣಿಗೆ ಎಷ್ಟು ಎಂಬ ಒಂದು ಕಾಲಂ ಅದಕ್ಕೆ ಸೇರಬೇಕು. ಮಣ್ಣಿನ ಇಟ್ಟಿಗೆಗೆ ಬೂದಿ ಬೆರೆಸಿ ಭಟ್ಟಿಯಲ್ಲಿ ಸುಡುವವರಿಗೂ ಇದೇ ಮಾತು.

ಜಿಪ್ಸಂ ಮತ್ತು ಡೋಣಿಯ ಸವಳು

ಸುಣ್ಣದ ಕಲ್ಲಿನಲ್ಲಿ ಅನಿಲ ತೊಳೆದಾಗ ಹುಟ್ಟುವುದು ಜಿಪ್ಸಂ. ಡೆನ್ಮಾರ್ಕಿನ ಕಾಲುಂಬೊರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ಆಸ್ನೆಸ್ ಸ್ಥಾವರದ ಇಂಥ ಜಿಪ್ಸಂ 1993ರಿಂದ ಪಕ್ಕದ ಗೋಡೆಹಲಗೆ ಕಾರ್ಖಾನೆಗೆ ಹೋಗತೊಡಗಿತು. ಒಬ್ಬರ ತ್ಯಾಜ್ಯ ಇನ್ನೊಬ್ಬರ ಕಚ್ಚಾವಸ್ತುವಾಗುವ ಕೈಗಾರಿಕಾ ಪಟ್ಟಣವೆಂದು ಅದು ಪಠ್ಯಪುಸ್ತಕಗಳಲ್ಲಿ ಸೇರಿಹೋಗಿದೆ. ನಮ್ಮ ಸಿಮೆಂಟ್ ಕಾರ್ಖಾನೆಗಳಿಗೂ ಕ್ಲಿಂಕರ್ ಜೊತೆ ಅರೆಯಲು ಜಿಪ್ಸಂ ಬೇಕೇ ಬೇಕು.

ಈ ಜಿಲ್ಲೆಗೆ ಅದಕ್ಕಿಂತ ಹತ್ತಿರದ ಉಪಯೋಗ ಡೋಣಿ ನದಿಯ ಕಣಿವೆಯಲ್ಲಿದೆ. ಮಹಾರಾಷ್ಟ್ರದ ಜತ್ತ ಕಡೆಯಿಂದ ಇಳಿದು ಸಾರವಾಡದ ಹತ್ತಿರ ಹಾದು ಕೃಷ್ಣೆಗೆ ಸೇರುವ ಡೋಣಿಯ ನೀರು ಉಪ್ಪು. ದಂಡೆಯ ಎರೆ ಭೂಮಿ ಫಲವತ್ತಾದದ್ದೇ, ಆದರೆ ಪ್ರವಾಹದ ಹೂಳು, ಸವಳು ಎರಡೂ ರೈತರನ್ನು ಹಣ್ಣು ಮಾಡಿವೆ. ನೀರಾವರಿ ಬಂದ ಕಡೆ ಬಸಿಗಾಲುವೆ ಇಲ್ಲದೆ ಸವಳು–ಜವಳು ಹಬ್ಬುವ ಭಯ ಕೃಷ್ಣಾ ಅಚ್ಚುಕಟ್ಟಿನಲ್ಲೆಲ್ಲ ಇದೆ. ಸೋಡಿಯಂ ಹೆಚ್ಚಾಗಿ ನೀರು ಇಂಗದಂತೆ ಗಟ್ಟಿಗೊಂಡ ಕ್ಷಾರ ಭೂಮಿಗೆ ಜಿಪ್ಸಂ ಹಳೆಯ, ಒರೆಗೆ ಹಚ್ಚಿದ ಔಷಧ. ಅದರ ಕ್ಯಾಲ್ಸಿಯಂ ಮಣ್ಣಿನ ಕಣದ ಮೇಲಿನ ಸೋಡಿಯಂ ಅನ್ನು ಸರಿಸಿ ಕೂರುತ್ತದೆ, ಸರಿದ ಸೋಡಿಯಂ ನೀರಿನ ಜೊತೆ ಬಸಿದು ಹೋಗುತ್ತದೆ. ಬಸಿಯಲು ದಾರಿ ಇದ್ದರೆ ಮಾತ್ರ! ಬರಿ ಉಪ್ಪಿನ ಸಮಸ್ಯೆ ಇರುವ ಹೊಲಕ್ಕೆ ಜಿಪ್ಸಂ ಸುರಿದು ಪ್ರಯೋಜನವಿಲ್ಲ, ಅಲ್ಲಿ ಬೇಕಾದದ್ದು ಬಸಿಗಾಲುವೆ ಮತ್ತು ಒಳ್ಳೆಯ ನೀರು. ಯಾವ ಹೊಲಕ್ಕೆ ಯಾವುದು ಎಂದು ಮಣ್ಣು ಪರೀಕ್ಷೆ ಹೇಳಬೇಕು.

ಆದರೆ ಅನಿಲ ತೊಳೆದ ಜಿಪ್ಸಂ ಗಣಿಯ ಜಿಪ್ಸಂನಂತಲ್ಲ. ತೊಳೆದು ಇಳಿದ ಪಾದರಸದ ಒಂದಂಶ ಅದರ ಅತಿ ನಯವಾದ ಕಣಗಳಲ್ಲಿ ಸೇರಿಕೊಂಡಿರುತ್ತದೆ. ಈ ನಯವಾದ ಕಣಗಳನ್ನು ಸುಳಿಯಂತ್ರಗಳಲ್ಲಿ ಬೇರ್ಪಡಿಸಿ ತೆಗೆದರೆ ಉಳಿದ ಜಿಪ್ಸಂ ಸಾಕಷ್ಟು ಶುದ್ಧವಾಗುತ್ತದೆ. ತೆಗೆದದ್ದು ತೊಳೆನೀರಿನ ಶುದ್ಧೀಕರಣ ಘಟಕಕ್ಕೆ ಹೋಗಿ, ಕೆಸರಾಗಿ, ಭದ್ರವಾದ ಗುಂಡಿಗೆ ಸೇರಬೇಕು. ಈ ಕ್ರಮ ತಪ್ಪಿದರೆ ಗಾಳಿಗೆ ಹೋಗಬೇಕಿದ್ದ ಪಾದರಸವನ್ನು ಲಾರಿಯಲ್ಲಿ ತಂದು ಹೊಲಕ್ಕೆ ಹಾಕಿದಂತಾಗುತ್ತದೆ.

ಹೀಗಾಗಿ ರಾಜ್ಯದ ಯಾವ ಸ್ಥಾವರದಿಂದಲೇ ಆಗಲಿ, ಅನಿಲ ತೊಳೆದ ಜಿಪ್ಸಂ ಸವಳು ಭೂಮಿಗೆ ಬರುವುದಾದರೆ ಅದರ ಮೊದಲ ನೆಲೆ ರೈತರ ಹೊಲವಾಗಬಾರದು. ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮ್‌ನಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವಿದೆ. ಡೋಣಿ ದಂಡೆಯ ಮಣ್ಣನ್ನು ತಂದು ಎರಡು ಮೂರು ಹಂಗಾಮು ಅಲ್ಲಿ ಪ್ರಯೋಗ ನಡೆಸಲಿ. ಜಿಪ್ಸಂ ಹಾಕಿದ ಮತ್ತು ಹಾಕದ ತಾಕುಗಳ ಮಣ್ಣು, ಬಸಿದ ನೀರು, ಬೆಳೆದ ಜೋಳದ ಕಾಳು ಮತ್ತು ಕಣಿಕೆಯಲ್ಲಿ ಪಾದರಸ ಅಳೆಯಲಿ. ಅದೇ ಹೊತ್ತಿಗೆ ಕೂಡಗಿಗೆ ಬರುವ ಕಲ್ಲಿದ್ದಲಿನ ಪ್ರತಿ ಗಣಿಯ ಮಾದರಿ, ಇಎಸ್‌ಪಿಯ ಹಾರುಬೂದಿ, ತಳದ ಬೂದಿ, ಚಿಮಣಿಯ ಅನಿಲ ನಾಲ್ಕರಲ್ಲೂ ಪಾದರಸ ಎಷ್ಟೆಂದು ಮೂರು ತಿಂಗಳಿಗೊಮ್ಮೆ ಅಳೆದು, ಆವಕ ಜಾವಕ ಕೂಡಿಸಿ, ಆ ಒಂದು ಪುಟವನ್ನು ಕನ್ನಡದಲ್ಲಿ ಸುತ್ತಲಿನ ಗ್ರಾಮ ಪಂಚಾಯಿತಿಗಳ ಫಲಕಕ್ಕೆ ಹಚ್ಚಲಿ. ಆ ಅಂಕಿ ಕೈಯಲ್ಲಿದ್ದರೆ, ಬೂದಿ ಇಟ್ಟಿಗೆ ಮಾಡುವವರು ಧೈರ್ಯದಿಂದ ಮಾಡಬಹುದು, ಮೀನುಗಾರರು ಎಲ್ಲಿ ಪರೀಕ್ಷೆ ಬೇಕೆಂದು ಕೇಳಬಹುದು, 30 ಮೈಕ್ರೊಗ್ರಾಂ ಎಂಬ ಮಿತಿಯನ್ನು ಎಷ್ಟಕ್ಕೆ ಇಳಿಸಬೇಕೆಂದು ದೆಹಲಿಗೆ ಬರೆಯುವ ಅರ್ಜಿಯಲ್ಲಿ ಬಬಲೇಶ್ವರದ ರೈತರು ಆಧಾರ ಸಮೇತ ವಾದಿಸಬಹುದು.